ನಮ್ಮ ಸಿನಿಮಾ ನಮ್ಮೂರಿಗೆ ಯಾವ ಭಾಷೆಯಲ್ಲಿ ಬರುತ್ತೆ?

(ರಾಯದುರ್ಗದಲ್ಲಿ ರಾಜ್ಯೋತ್ಸವಕ್ಕೆ ಸೇರಿದ್ದ ಗೆಳೆಯರ ಕೂಟದಲ್ಲಿ ಆಡಿದ ಮಾತು. "ಬರೆದು ಪೇಜಿಗೆ ಹಾಕು" ಅಂತ ಹಲವರು ಹೇಳಿದ್ದಕ್ಕೆ ಬರಹಕ್ಕಿಳಿಸಿದೀನಿ. ಮಾತಿನ ಧಾಟಿ ಹಾಗೇ ಉಳಿದಿದೆ, ಹೊಂದಿಸ್ಕೊಂಡು ಓದ್ರಿ.)



ನಾನು ಸಿನಿಮಾದವನಲ್ಲ. ಬಿ.ಕಾಂ ಓದಿ ಬ್ಯಾಂಕಿನಲ್ಲಿ ಕೌಂಟರ್ ಹಿಂದೆ ಕೂರೋನು. ಡಿಜಿಟಲ್ ಕಾಲದಲ್ಲಿ ಕನ್ನಡ ಸಿನಿಮಾದ ಮುಂದಿನ ದಾರಿ ಏನು ಅಂತ ಮಾತಾಡು ಅಂದಾಗ ಮೊದಲು ನಗು ಬಂತು. ಆಮೇಲೆ ಅನಿಸ್ತು, ಇದರಲ್ಲಿ ಅರ್ಧ ಲೆಕ್ಕದ ಮಾತೇ ಐತಲ್ಲ, ನಾಲ್ಕು ಮಾತು ಹೇಳಬಹುದು ಅಂತ.

ಒಂದು ಘಟನೆಯಿಂದ ಶುರು ಮಾಡ್ತೀನಿ. 2022ರ ಏಪ್ರಿಲ್‌ನಲ್ಲಿ ಕೆಜಿಎಫ್ ಚಾಪ್ಟರ್ 2 ಬಂತು. ಊರೆಲ್ಲ ಅದೇ ಮಾತು. ಕನ್ನಡದವರು ಮಾಡಿದ ಸಿನಿಮಾವನ್ನ ದೇಶವೇ ನೋಡ್ತಿದೆ ಅಂತ ನಮಗೆಲ್ಲ ಎದೆ ಉಬ್ಬಿತ್ತು. ನಮ್ಮಪ್ಪನ್ನ ಕರ್ಕೊಂಡು ಊರಲ್ಲೇ ಟಾಕೀಸಿಗೆ ಹೋದೆ. ಪರದೆ ಮೇಲೆ ಯಶ್ ಬಾಯಿ ತೆಗೆದ, ಬಂದಿದ್ದು ತೆಲುಗು. ನಮ್ಮಪ್ಪಂಗೆ ತೆಲುಗು ಚೆನ್ನಾಗೇ ಬರುತ್ತೆ, ಸಿನಿಮಾ ಪೂರ್ತಿ ನೋಡಿದ್ರು. ಹೊರಗೆ ಬಂದಮೇಲೆ ಒಂದೇ ಮಾತು ಕೇಳಿದ್ರು: "ನಮ್ಮ ಸಿನಿಮಾನ ನಮಗ್ಯಾಕೆ ಡಬ್ ಮಾಡಿ ತೋರಿಸ್ತಾರೋ?"

ಇವತ್ತಿನ ಮಾತೆಲ್ಲ ಆ ಪ್ರಶ್ನೆಗೆ ಉತ್ತರ ಹುಡುಕೋದೇ. ಯಾರನ್ನೂ ಬೈಯೋಕೆ ಹೇಳ್ತಿಲ್ಲ. ಸಿನಿಮಾ ಮಾಡಿದವರದ್ದೂ ತಪ್ಪಿಲ್ಲ, ಟಾಕೀಸಿನವರದ್ದೂ ತಪ್ಪಿಲ್ಲ. ವ್ಯಾಪಾರದ ನಕ್ಷೆ ಹಾಗಿದೆ.

ಆ ನಕ್ಷೆ ಎಷ್ಟು ಹಳೇದು ಅಂತೀರಿ? ತೆಲುಗು ಸಿನಿಮಾ ವ್ಯಾಪಾರದಲ್ಲಿ ನಮ್ಮ ಸೀಮೆಗೆ "ಸೀಡೆಡ್" ಅಂತಾರೆ. ಪೋಸ್ಟರಲ್ಲಿ, ಯೂಟ್ಯೂಬಿನ ಕಲೆಕ್ಷನ್ ಲೆಕ್ಕದಲ್ಲಿ ನೀವೂ ನೋಡಿರ್ತೀರಿ: ನೈಜಾಂ ಇಷ್ಟು, ಸೀಡೆಡ್ ಇಷ್ಟು ಅಂತ. ಸೀಡೆಡ್ ಅಂದ್ರೆ ಬಿಟ್ಟುಕೊಟ್ಟ ಜಿಲ್ಲೆಗಳು. 1800ರಲ್ಲಿ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ನೆಲ. ಕಂಪನಿ ಹೋಯ್ತು, ನಿಜಾಮನೂ ಹೋದ, ಮದ್ರಾಸ್ ಪ್ರಾಂತ್ಯವೂ ಹೋಯ್ತು. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಬಂದ್ವು, ಉಳಿದದ್ದು ಮೈಸೂರಿಗೆ ಹೋಯ್ತು. ಆದ್ರೂ ಸಿನಿಮಾ ಹಂಚಿಕೆಯಲ್ಲಿ ಹೆಸರು ಸೀಡೆಡ್ಡೇ. ತೆಲುಗು ಸಿನಿಮಾ ಮಾರುವಾಗ ಬಳ್ಳಾರಿಯನ್ನೂ ಬಹಳ ಕಾಲ ಸೀಡೆಡ್ ಜೊತೆಗೇ ಸೇರಿಸ್ತಿದ್ರು. ಅಂದ್ರೆ ತೆಲುಗು ಸಿನಿಮಾಕ್ಕೆ ರಾಜ್ಯದ ಗಡಿ ಅಡ್ಡ ಬರಲಿಲ್ಲ. ಕನ್ನಡ ಸಿನಿಮಾಕ್ಕೆ ಮಾತ್ರ ಗಡಿ ಅಂದ್ರೆ ಗೋಡೆ ಆಯ್ತು. ಮೊಳಕಾಲ್ಮೂರಿನ ತನಕ ಬರೋ ಸಿನಿಮಾ ಪಕ್ಕದ ರಾಯದುರ್ಗಕ್ಕೆ ಬರೋದಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. ಅಕ್ಕಲಕೋಟೆ, ಜತ್ತ, ತಾಳವಾಡಿ, ಹೊಸೂರು, ಎಲ್ಲ ಕಡೆ ಸ್ವಲ್ಪ ಹೆಚ್ಚುಕಡಿಮೆ ಇದೇ.

ತಮಾಷೆ ಏನಂದ್ರೆ ಕನ್ನಡ ಸಿನಿಮಾ ಹುಟ್ಟಿ ಬೆಳೆದದ್ದೇ ಈಗಿನ ಗಡಿಯಾಚೆ. ಕನ್ನಡದ ಮೊದಲ ಟಾಕಿ ಸಿನಿಮಾ ಸತಿ ಸುಲೋಚನಾ 1934ರಲ್ಲಿ ತೆರೆಕಂಡಿತು, ಅದನ್ನ ತೆಗೆದದ್ದು ಕೊಲ್ಹಾಪುರದ ಸ್ಟುಡಿಯೋದಲ್ಲಿ. ಆಮೇಲೆ ದಶಕಗಳ ಕಾಲ ನಮ್ಮ ಸಿನಿಮಾ ತಯಾರಾದದ್ದು ಮದ್ರಾಸಿನಲ್ಲಿ. ರಾಜ್‌ಕುಮಾರ್ ಅವರ ಗಾಜನೂರು ಇವತ್ತಿನ ಲೆಕ್ಕದಲ್ಲಿ ತಮಿಳುನಾಡಿನ ತಾಳವಾಡಿ ಸೀಮೆ. 2025ರ ಜುಲೈನಲ್ಲಿ ಬಂದು ಎಲ್ಲರನ್ನೂ ನಗಿಸಿದ "ಸು ಫ್ರಮ್ ಸೋ" ನಿರ್ದೇಶಕ ಜೆ.ಪಿ. ತುಮಿನಾಡು ಅವರ ಹೆಸರಿನಲ್ಲಿರೋ ತುಮಿನಾಡು ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕಡೆಯ ಊರು. ಹಂಗಾಗಿ ಗಡಿಯ ಜನ ಕನ್ನಡ ಸಿನಿಮಾಕ್ಕೆ ಹೊರಗಿನವರಲ್ಲ. ಸಿನಿಮಾ ಕೊಟ್ಟವರು ನಾವು, ನೋಡೋಕೆ ಸಿಗದವರೂ ನಾವೇ.

ಈಗ ಲೆಕ್ಕಕ್ಕೆ ಬರೋಣ.

ಹಿಂದೆ ಸಿನಿಮಾ ಅಂದ್ರೆ ಡಬ್ಬ. ಹದಿನಾಲ್ಕು ಹದಿನಾರು ರೀಲು, ತಗಡಿನ ಪೆಟ್ಟಿಗೆ. ಒಂದು ಪ್ರಿಂಟ್ ಹಾಕಿಸೋಕೆ ಐವತ್ತು ಅರವತ್ತು ಸಾವಿರ ರೂಪಾಯಿ. ಹಂಚಿಕೆದಾರ ಹತ್ತು ಹದಿನೈದು ಪ್ರಿಂಟ್ ಇಟ್ಕೊಂಡು ಊರೂರು ತಿರುಗಿಸ್ತಿದ್ದ. ಆ ಕಾಲದಲ್ಲಿ "ರಾಯದುರ್ಗಕ್ಕೆ ಕನ್ನಡ ಪ್ರಿಂಟ್ ಕೊಡ್ರಿ" ಅಂದ್ರೆ ಅವನು "ಅಲ್ಲಿ ಖರ್ಚು ಹುಟ್ಟಲ್ಲ" ಅಂತಿದ್ದ. ಅದು ನ್ಯಾಯವಾದ ಉತ್ತರ. ನಾವು ರೈಲು ಹತ್ತಿ ಬಳ್ಳಾರಿಗೆ ಹೋಗಿ ನೋಡಿ ಬರ್ತಿದ್ವಿ, ಐವತ್ತು ಕಿಲೋಮೀಟರ್ ಆಜುಬಾಜು. ಇಲ್ಲಾಂದ್ರೆ ದೂರದರ್ಶನದಲ್ಲಿ ಕನ್ನಡ ಸಿನಿಮಾ ಬರೋ ದಿನ ಮಾಳಿಗೆ ಮೇಲೆ ಒಬ್ಬ ಆಂಟೆನಾ ತಿರುಗಿಸ್ತಾ ನಿಲ್ಲೋನು, ಕೆಳಗೆ ಒಬ್ಬ "ಬಂತು, ಬಂತು, ಹೋಯ್ತು" ಅಂತ ಕೂಗೋನು. ಇಲ್ಲಿ ಕೂತಿರೋ ಅರ್ಧ ಜನ ಆ ಕೆಲಸ ಮಾಡಿದೀರಿ.

ಡಿಜಿಟಲ್ ಬಂದಮೇಲೆ ಡಬ್ಬ ಹೋಯ್ತು. ಈಗ ಸಿನಿಮಾ ಒಂದು ಹಾರ್ಡ್ ಡಿಸ್ಕಿನಲ್ಲಿ ಬರುತ್ತೆ, ಇಲ್ಲಾ ಉಪಗ್ರಹದ ಮೂಲಕ ಇಳಿಯುತ್ತೆ. ಅದಕ್ಕೊಂದು ಬೀಗ ಇರುತ್ತೆ. ಯಾವ ಟಾಕೀಸಿನ ಯಾವ ಪ್ರೊಜೆಕ್ಟರ್, ಯಾವ ದಿನದಿಂದ ಯಾವ ದಿನದವರೆಗೆ ತೋರಿಸಬಹುದು ಅಂತ ಒಂದು ಡಿಜಿಟಲ್ ಕೀಲಿ ಕಳಿಸ್ತಾರೆ. ಚಿತ್ರ ಒಂದೇ, ಕನ್ನಡದ ಧ್ವನಿ ಬೇರೆ ಫೈಲು, ತೆಲುಗಿನ ಧ್ವನಿ ಬೇರೆ ಫೈಲು. ಅಂದ್ರೆ ನಮ್ಮಪ್ಪ ಕೂತಿದ್ದ ಅದೇ ಟಾಕೀಸಿನಲ್ಲಿ ಬೆಳಗಿನ ಆಟ ಒಂದನ್ನ ಕನ್ನಡದಲ್ಲಿ ತೋರಿಸೋಕೆ ಹೊಸ ಡಬ್ಬ ಬೇಕಿರಲಿಲ್ಲ. ಕನ್ನಡದ ಫೈಲು, ಅದರ ಕೀಲಿ, ಇಷ್ಟೇ.

ಇದಕ್ಕೂ ಖರ್ಚಿಲ್ಲ ಅಂತಲ್ಲ. ಡಿಜಿಟಲ್ ಸೇವೆ ಕೊಡೋ ಕಂಪನಿಗಳು ನಿರ್ಮಾಪಕರಿಂದ ಪ್ರಿಂಟಿನ ಬದಲಿಗೆ ಶುಲ್ಕ ತಗೊಳ್ತಾವೆ. ಅದು ಜಾಸ್ತಿ ಆಯ್ತು ಅಂತ 2018ರ ಮಾರ್ಚ್‌ನಲ್ಲಿ ದಕ್ಷಿಣದ ನಿರ್ಮಾಪಕರು ಹೊಸ ಸಿನಿಮಾ ಬಿಡುಗಡೆಯನ್ನೇ ನಿಲ್ಲಿಸಿದ್ರು. ಆದ್ರೂ ಹಳೆ ಪ್ರಿಂಟಿನ ಖರ್ಚಿಗೆ ಹೋಲಿಸಿದ್ರೆ ಅದು ಸಣ್ಣದು. "ಖರ್ಚು ಹುಟ್ಟಲ್ಲ" ಅನ್ನೋ ಮಾತಿನ ಬಲ ಹೋಗಿದೆ.

ಹಂಗಾದ್ರೆ ಯಾಕೆ ಬರೋದಿಲ್ಲ? ಹಕ್ಕು ಮಾರೋದು ರಾಜ್ಯದ ಲೆಕ್ಕದಲ್ಲಿ. ಆಂಧ್ರ ಅಂದ್ರೆ ತೆಲುಗು, ತಮಿಳುನಾಡು ಅಂದ್ರೆ ತಮಿಳು, ಕೇರಳ ಅಂದ್ರೆ ಮಲಯಾಳಂ. ಪ್ಯಾನ್ ಇಂಡಿಯಾ ಸಿನಿಮಾ ಐದು ಭಾಷೆಯಲ್ಲಿ ಬರುತ್ತೆ ಅಂತ ನಾವು ಚಪ್ಪಾಳೆ ತಟ್ಟಿದ್ವಿ. ಆದ್ರೆ ಐದೂ ಭಾಷೆ ಎಲ್ಲ ಊರಿಗೂ ಬರೋದಿಲ್ಲ, ಒಂದೊಂದು ಊರಿಗೆ ಒಂದೊಂದು. ಆಂಧ್ರದ ಹಕ್ಕು ತಗೊಂಡವನಿಗೆ ತೆಲುಗಿನ ಆಟ ತುಂಬಬೇಕು. ಅದೇ ಊರಲ್ಲಿ ಕನ್ನಡದ ಆಟ ಹಾಕಿದ್ರೆ ತನ್ನ ಪ್ರೇಕ್ಷಕ ಒಡೆದು ಹೋಗ್ತಾನೆ ಅಂತ ಅವನ ಹೆದರಿಕೆ. ಅವನ ಜಾಗದಲ್ಲಿ ನಾನಿದ್ರೂ ಹಾಗೇ ಯೋಚಿಸ್ತಿದ್ದೆ. 2022ರ ಕಾಂತಾರ ಸೆಪ್ಟೆಂಬರ್ 30ಕ್ಕೆ ಮೊದಲು ಕನ್ನಡದಲ್ಲಷ್ಟೇ ಬಂತು, ಉಳಿದ ಭಾಷೆಗಳಿಗೆ ಡಬ್ ಆಗಿದ್ದು ಅಕ್ಟೋಬರ್‌ನಲ್ಲಿ. ಆ ಮೊದಲ ವಾರಗಳಲ್ಲಿ ಕನ್ನಡದ ಕಾಂತಾರವನ್ನ ಊರೂರಲ್ಲಿ ಕನ್ನಡದಲ್ಲೇ ನೋಡಿದ್ರು. ತೆಲುಗು ಬಂದಮೇಲೆ ನಮ್ಮ ಕಡೆ ಅದೇ ಗಟ್ಟಿಯಾಯ್ತು. ಸಿನಿಮಾ ದೊಡ್ಡದಾದಷ್ಟೂ ಗಡಿನಾಡಿನ ಕನ್ನಡಿಗನಿಗೆ ಅದು ಕನ್ನಡದಲ್ಲಿ ಸಿಗೋದು ಕಷ್ಟ ಆಗುತ್ತೆ. ವಿಚಿತ್ರ ಅನಿಸಿದ್ರೂ ಲೆಕ್ಕ ಹಂಗೇ ಐತೆ.

"ಹೋಗ್ಲಿ ಬಿಡಪ್ಪ, ಟಾಕೀಸ್ ಕಾಲ ಮುಗೀತು, ಮೊಬೈಲಲ್ಲಿ ಎಲ್ಲ ಸಿಗುತ್ತಲ್ಲ" ಅಂತ ನೀವು ಅನ್ನಬಹುದು. ನಾನೂ ಹಾಗೇ ನಂಬಿದ್ದೆ. 2020ರ ಜುಲೈನಲ್ಲಿ, ಲಾಕ್‌ಡೌನ್ ಹೊತ್ತಲ್ಲಿ, "ಲಾ" ಮತ್ತು "ಫ್ರೆಂಚ್ ಬಿರಿಯಾನಿ" ಟಾಕೀಸಿಗೆ ಹೋಗದೆ ನೇರ ಅಮೆಜಾನ್ ಪ್ರೈಮಿಗೆ ಬಂದ್ವು. ಬೆಂಗಳೂರಿನವರು ನೋಡಿದ ದಿನವೇ, ನೋಡಿದ ಹೊತ್ತಿಗೇ ನಾನು ರಾಯದುರ್ಗದಲ್ಲಿ ಕೂತು ನೋಡಿದೆ. ಅದೂ ಕನ್ನಡದಲ್ಲಿ. ನನ್ನ ಜೀವನದಲ್ಲಿ ಅದು ಮೊದಲ ಸಲ. ಗಡಿ ಬಿದ್ದೇ ಹೋಯ್ತು ಅಂತ ಹಿಗ್ಗಿದೆ.

ಆಮೇಲೇನಾಯ್ತು? ಕೋವಿಡ್ ಕಾಲದಲ್ಲಿ ಒಟಿಟಿಗಳು ಕೈ ಬಿಚ್ಚಿ ಸಿನಿಮಾ ಕೊಂಡ್ವು. ಟಾಕೀಸು ತೆರೆದಮೇಲೆ ಕೈ ಬಿಗಿ ಮಾಡಿದ್ವು. "ಮೊದಲು ಟಾಕೀಸಲ್ಲಿ ಓಡಲಿ, ಆಮೇಲೆ ನೋಡೋಣ" ಅಂದ್ವು. ಹಲವು ಸಿನಿಮಾಗಳನ್ನ ದುಡ್ಡು ಕೊಟ್ಟು ಕೊಳ್ಳೋ ಬದಲು, ಜನ ಎಷ್ಟು ಹೊತ್ತು ನೋಡಿದ್ರೋ ಅದಕ್ಕೆ ತಕ್ಕ ಪಾಲು ಕೊಡ್ತೀವಿ ಅಂದ್ವು. ಕೊಳ್ಳೋರೂ ಕಮ್ಮಿಯಾದ್ರು. ಮೊದಲು ವೂಟ್ ಜಿಯೋ ಸಿನಿಮಾದಲ್ಲಿ ಸೇರಿತು, 2025ರ ಫೆಬ್ರವರಿಯಲ್ಲಿ ಜಿಯೋ ಸಿನಿಮಾ ಮತ್ತು ಹಾಟ್‌ಸ್ಟಾರ್ ಒಂದಾದ್ವು. ಸಂತೆಯಲ್ಲಿ ಮೂರು ವ್ಯಾಪಾರಿ ಇದ್ದ ಕಡೆ ಒಬ್ಬನೇ ಉಳಿದ್ರೆ ಕಡ್ಲೆಕಾಯಿ ರೇಟು ಏನಾಗುತ್ತೆ ಅಂತ ಅನಂತಪುರ ಜಿಲ್ಲೆಯವರಿಗೆ ಹೇಳಿಕೊಡಬೇಕಾ?

"ಏಕಂ" ಅನ್ನೋ ವೆಬ್ ಸರಣಿ ನೆನಪಿದೆಯಾ? ರಕ್ಷಿತ್ ಶೆಟ್ಟಿ ಅವರ ಸಂಸ್ಥೆ ಜೊತೆಗಿದ್ದ ಸರಣಿ, ಕರಾವಳಿಯ ಕಥೆಗಳು. ಹೆಸರಿದ್ದೋರೇ ಇದ್ರೂ ದೊಡ್ಡ ವೇದಿಕೆ ಸಿಗಲಿಲ್ಲ. ಕೊನೆಗೆ 2024ರ ಜುಲೈನಲ್ಲಿ ತಮ್ಮದೇ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಿದ್ರು. ಹೆಸರಿದ್ದೋರ ಪಾಡೇ ಹೀಗಾದ್ರೆ ಹೊಸಬರ ಪಾಡು ಯೋಚಿಸ್ರಿ. ಕನ್ನಡದಲ್ಲಿ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಸಿನಿಮಾ ಬರ್ತಾವೆ. ನಿಮಗೆ ಎಷ್ಟರ ಹೆಸರು ಗೊತ್ತು? ನನಗೆ ಇಪ್ಪತ್ತು ಗೊತ್ತಿದ್ರೆ ಹೆಚ್ಚು.

"ಒಳ್ಳೆ ಸಿನಿಮಾ ಮಾಡಿದ್ರೆ ಜನ ಬಂದೇ ಬರ್ತಾರೆ" ಅಂತ ಒಂದು ಮಾತಿದೆ. ಅರ್ಧ ನಿಜ. ಉಳಿದ ಅರ್ಧಕ್ಕೆ ಈ ಲೆಕ್ಕ ಕೇಳ್ರಿ. ಇದು ಉದಾಹರಣೆ, ಯಾವ ಸಿನಿಮಾದ್ದೂ ಅಲ್ಲ. ಮಲ್ಟಿಪ್ಲೆಕ್ಸಿನಲ್ಲಿ 200 ರೂಪಾಯಿ ಟಿಕೆಟ್ ತಗೊಂಡ್ರಿ ಅಂದ್ಕೊಳ್ರಿ. 100 ರೂಪಾಯಿ ಮೇಲಿನ ಟಿಕೆಟ್ಟಿಗೆ 18 ಶೇಕಡಾ ಜಿಎಸ್‌ಟಿ. ಅದು ಸುಮಾರು 30 ರೂಪಾಯಿ ಹೋಯ್ತು, ಉಳಿದದ್ದು 170ರ ಹತ್ತಿರ. ಮೊದಲ ವಾರ ಮಲ್ಟಿಪ್ಲೆಕ್ಸಿಗೆ ಅರ್ಧ, ಸಿನಿಮಾದವರಿಗೆ ಅರ್ಧ. 85 ಬಂತು. ಹಂಚಿಕೆದಾರನ ಕಮಿಷನ್ ಹತ್ತು ಶೇಕಡಾ ಅಂತ ಹಿಡಿದ್ರೂ ನಿರ್ಮಾಪಕನ ಕೈಗೆ 76. ಎರಡನೇ ವಾರದಿಂದ ಪಾಲು ಇನ್ನೂ ಇಳಿಯುತ್ತೆ. ಮೂರು ಕೋಟಿ ಸಿನಿಮಾಕ್ಕೆ, ಒಂದು ಕೋಟಿ ಪ್ರಚಾರಕ್ಕೆ ಹಾಕಿದ್ರೆ, ಹಾಕಿದ ದುಡ್ಡು ವಾಪಸ್ ಬರೋಕೇ ಐದು ಲಕ್ಷ ಚಿಲ್ಲರೆ ಜನ ಮೊದಲ ವಾರವೇ ಟಿಕೆಟ್ ಕೊಳ್ಳಬೇಕು. ಇದು ಸಣ್ಣ ಸಿನಿಮಾದ ಲೆಕ್ಕ! ಶುಕ್ರವಾರ ಬಂದು ಸೋಮವಾರ ಎತ್ತಂಗಡಿ ಆಗೋ ಸಿನಿಮಾ ಇದನ್ನ ಮುಟ್ಟೋದು ಹೇಗೆ?

"ಸು ಫ್ರಮ್ ಸೋ" ಮುಟ್ಟಿತು, ದಾಟಿತು, ನಿಜ. ಬಿಡುಗಡೆಗೂ ಮೊದಲೇ ಕೆಲವು ಊರಲ್ಲಿ ಟಿಕೆಟ್ ಇಟ್ಟು ತೋರಿಸಿ, ಜನರ ಬಾಯಿಂದ ಬಾಯಿಗೆ ಸುದ್ದಿ ಹೋಗೋ ಹಾಗೆ ಮಾಡಿದ್ರು. ಅದಕ್ಕೂ ಮುಂಚೆ 2013ರಲ್ಲಿ ಪವನ್ ಕುಮಾರ್ ನೂರಕ್ಕೂ ಹೆಚ್ಚು ಜನರಿಂದ ದುಡ್ಡು ಕೂಡಿಸಿ "ಲೂಸಿಯಾ" ಮಾಡಿದ್ರು. ದಾರಿಗಳಿವೆ. ಆದ್ರೆ ಇನ್ನೂರರಲ್ಲಿ ಒಂದಕ್ಕೆ ಸಿಕ್ಕ ದಾರಿಯನ್ನ ಉದ್ಯಮದ ಭವಿಷ್ಯ ಅಂತ ಕರೆಯೋಕಾಗಲ್ಲ. ಲಾಟರಿ ಹೊಡೆದವನನ್ನ ತೋರಿಸಿ ಸಾಲ ಕೊಡ್ರಿ ಅಂದ್ರೆ ನಮ್ಮ ಮ್ಯಾನೇಜರ್ ಕೊಡ್ತಾರಾ?

ಬೇರೆ ನಾಡುಗಳು ಏನು ಮಾಡಿದಾವೆ ನೋಡೋಣ. ಫ್ರಾನ್ಸ್‌ನಲ್ಲಿ 1946ರಿಂದಲೂ ಸಿಎನ್‌ಸಿ ಅನ್ನೋ ಸಿನಿಮಾ ಸಂಸ್ಥೆ ಇದೆ. ಅಲ್ಲಿ ಪ್ರತಿ ಟಿಕೆಟ್ಟಿನ 10.72 ಶೇಕಡಾ ಆ ಸಂಸ್ಥೆಯ ನಿಧಿಗೆ ಹೋಗುತ್ತೆ. ಹಾಲಿವುಡ್ ಸಿನಿಮಾದ ಟಿಕೆಟ್ಟಾದ್ರೂ ಅಷ್ಟೇ. ಆ ದುಡ್ಡು ಫ್ರೆಂಚ್ ಸಿನಿಮಾ ತಯಾರಿಕೆಗೆ, ಸಣ್ಣ ಊರಿನ ಟಾಕೀಸುಗಳಿಗೆ ವಾಪಸ್ ಬರುತ್ತೆ. ಒಟಿಟಿ ಬಂದಾಗ ಅವರು ಕೈ ಕಟ್ಟಿ ಕೂರಲಿಲ್ಲ. 2021ರಲ್ಲಿ ನಿಯಮ ತಂದ್ರು: ಫ್ರಾನ್ಸಿನಲ್ಲಿ ದುಡಿದದ್ದರಲ್ಲಿ ಕನಿಷ್ಠ 20 ಶೇಕಡಾ ಯುರೋಪಿನ ಮತ್ತು ಫ್ರೆಂಚ್ ನಿರ್ಮಾಣಗಳಿಗೆ ಹಾಕಬೇಕು. ನೆಟ್‌ಫ್ಲಿಕ್ಸೂ ಹಾಕ್ತಿದೆ.

ಸ್ವಿಜರ್ಲೆಂಡ್ ನಮಗೆ ಇನ್ನೂ ಹತ್ತಿರ. ಪುಟ್ಟ ದೇಶ, ನಾಲ್ಕು ಭಾಷೆ. ಜರ್ಮನ್ ಆಡೋರ ಪಕ್ಕದಲ್ಲಿ ದೊಡ್ಡ ಜರ್ಮನಿ, ಫ್ರೆಂಚ್ ಆಡೋರ ಪಕ್ಕದಲ್ಲಿ ದೊಡ್ಡ ಫ್ರಾನ್ಸ್. 2022ರ ಮೇ ತಿಂಗಳಲ್ಲಿ ಅಲ್ಲಿನ ಜನ ಓಟು ಹಾಕಿ ತೀರ್ಮಾನ ಮಾಡಿದ್ರು: ಒಟಿಟಿ ಕಂಪನಿಗಳು ನಮ್ಮ ದೇಶದಲ್ಲಿ ಗಳಿಸಿದ್ದರ 4 ಶೇಕಡಾ ನಮ್ಮ ಸಿನಿಮಾಕ್ಕೆ ಹಾಕಬೇಕು ಅಂತ. 58 ಶೇಕಡಾ ಜನ ಹೌದು ಅಂದ್ರು. ಸಾಮಾನ್ಯ ಜನ ಚೀಟಿ ಹಾಕಿ ಮಾಡಿದ ತೀರ್ಮಾನ ಇದು.

ಅಷ್ಟು ದೂರ ಯಾಕೆ, ಕೇರಳ ಸರ್ಕಾರ 2024ರ ಮಾರ್ಚ್‌ನಲ್ಲಿ ಸಿ-ಸ್ಪೇಸ್ ಅನ್ನೋ ಒಟಿಟಿ ತಂತು. ತಿಂಗಳ ಚಂದಾ ಇಲ್ಲ, ಒಂದು ಸಿನಿಮಾಕ್ಕೆ 75 ರೂಪಾಯಿ. ನೋಡಿದಷ್ಟಕ್ಕೆ ದುಡ್ಡು, ಅದರಲ್ಲಿ ನಿರ್ಮಾಪಕನಿಗೂ ಪಾಲು. ಕರ್ನಾಟಕ ಸರ್ಕಾರವೂ 2025ರ ಬಜೆಟ್‌ನಲ್ಲಿ ಕನ್ನಡ ಸಿನಿಮಾಕ್ಕೆ ಒಟಿಟಿ ವೇದಿಕೆ ಮಾಡ್ತೀವಿ, ಸಿನಿಮಾಕ್ಕೆ ಉದ್ಯಮದ ಸ್ಥಾನ ಕೊಡ್ತೀವಿ ಅಂತ ಹೇಳಿದೆ. 200 ರೂಪಾಯಿಗೆ ಟಿಕೆಟ್ ದರ ಮಿತಿ ಹಾಕಿದ್ದಂತೂ ಸುದ್ದಿಯಾಯ್ತು. ಸೆಪ್ಟೆಂಬರ್‌ನಲ್ಲಿ ಆದೇಶ ಬಂತು, ಅದೇ ತಿಂಗಳು ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. 2024ರಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಕ್ಕೆ ಅಂತ ಟಿಕೆಟ್ಟು, ಚಂದಾಗಳ ಮೇಲೆ 1ರಿಂದ 2 ಶೇಕಡಾ ಸೆಸ್ ಹಾಕೋ ಮಸೂದೆಯೂ ಪಾಸಾಗಿದೆ. ಒಳ್ಳೇದೇ. ಆದ್ರೆ ಈ ಎಲ್ಲ ಮಾತಿನಲ್ಲಿ "ಕರ್ನಾಟಕದ ಹೊರಗಿನ ಕನ್ನಡಿಗ" ಅನ್ನೋ ಪದ ನನಗೆ ಕಾಣಲಿಲ್ಲ. ಟಿಕೆಟ್ ದರ ಇಳಿದ್ರೆ ಬೆಂಗಳೂರಿನವನಿಗೆ ಲಾಭ. ನಮಗೆ ಟಿಕೆಟ್ಟೇ ಇಲ್ಲ!

ಸರಿ, ಏನು ಕೇಳಬೇಕು? ನನ್ನ ತಿಳಿವಳಿಕೆಗೆ ಬಂದದ್ದು ಹೇಳ್ತೀನಿ.

ಮೊದಲನೇದು, ಒಂದು ಆಟ. ಕನ್ನಡದಲ್ಲಿ ತಯಾರಾದ ಸಿನಿಮಾ ಗಡಿನಾಡಿನ ಊರಿಗೆ ಬೇರೆ ಭಾಷೆಯಲ್ಲಿ ಬಂದ್ರೆ, ದಿನಕ್ಕೆ ಒಂದೇ ಒಂದು ಆಟ ಮೂಲ ಕನ್ನಡದಲ್ಲಿ ಇರಬೇಕು. ಹಕ್ಕು ಮಾರುವಾಗ ಕರಾರಿನಲ್ಲಿ ಒಂದು ಸಾಲು ಸೇರಿಸಿದ್ರೆ ಆಯ್ತು. ಆದೋನಿ, ರಾಯದುರ್ಗ, ಮಡಕಶಿರಾ, ಅಕ್ಕಲಕೋಟೆ, ಜತ್ತ, ಸೊಲ್ಲಾಪುರ, ಹೊಸೂರು, ತಾಳವಾಡಿ, ಬೆರಳೆಣಿಕೆ ಊರುಗಳು. ಇದನ್ನ ಕೇಳಬೇಕಾದ್ದು ಸರ್ಕಾರಕ್ಕಲ್ಲ, ನಿರ್ಮಾಪಕರಿಗೆ, ವಾಣಿಜ್ಯ ಮಂಡಳಿಗೆ. ಕೇಳುವಾಗ ಬರಿಗೈಲಿ ಹೋಗಬಾರದು. "ಆ ಆಟಕ್ಕೆ ನಾವು ಇಷ್ಟು ಜನ ಬರ್ತೀವಿ" ಅಂತ ಪಟ್ಟಿ ಕೊಡಬೇಕು.

ಎರಡನೇದು, ಸರ್ಕಾರದ ಒಟಿಟಿ ಬಂದ್ರೆ ಅದು ಕರ್ನಾಟಕದೊಳಗೆ ಮಾತ್ರ ಅಂತಾಗಬಾರದು. ಎಲ್ಲ ರಾಜ್ಯದಲ್ಲಿ, ಹೊರದೇಶದಲ್ಲಿ ತೆರೆಯಬೇಕು. ಸರ್ಕಾರದ ಸಬ್ಸಿಡಿ ತಗೊಂಡ ಪ್ರತಿ ಸಿನಿಮಾ ಇಂತಿಷ್ಟು ತಿಂಗಳಾದ ಮೇಲೆ ಅಲ್ಲಿ ಇರಲೇಬೇಕು ಅಂತ ಷರತ್ತು ಹಾಕಬೇಕು. ಜನರ ದುಡ್ಡು ಹಾಕಿದ ಸಿನಿಮಾ ಜನರಿಗೆ ಕಾಣದೆ ಹೋಗೋದು ಯಾವ ನ್ಯಾಯ? ಒಳ್ಳೊಳ್ಳೆ ಸಿನಿಮಾ ಪ್ರಶಸ್ತಿ ತಗೊಂಡು ಚಿತ್ರೋತ್ಸವ ಸುತ್ತಿ ಕಡೆಗೆ ಯಾವುದೋ ಹಾರ್ಡ್ ಡಿಸ್ಕಿನಲ್ಲಿ ಮಲಗ್ತಾವೆ.

ಮೂರನೇದು, ಹಳೇದನ್ನ ಉಳಿಸೋದು. ಸತಿ ಸುಲೋಚನಾ ಇವತ್ತು ನೋಡೋಕೆ ಸಿಗಲ್ಲ, ಪ್ರಿಂಟೇ ಉಳಿದಿಲ್ಲ. ಒಂದು ಭಾಷೆ ತನ್ನ ಮೊದಲ ಟಾಕಿ ಸಿನಿಮಾವನ್ನೇ ಕಳಕೊಂಡಿದೆ. 2025ರ ಬಜೆಟ್‌ನಲ್ಲಿ ಕನ್ನಡ ಸಿನಿಮಾಗಳ ಭಂಡಾರಕ್ಕೆ 3 ಕೋಟಿ ಇಟ್ಟಿದಾರೆ. ಶುರುವಾಗಲಿ. ಡಿಜಿಟಲ್ ಅಂದ್ರೆ ಶಾಶ್ವತ ಅಂತ ತಿಳೀಬೇಡ್ರಿ. ರೀಲು ನಿಧಾನಕ್ಕೆ ಹಾಳಾಗ್ತಿತ್ತು, ಹಾರ್ಡ್ ಡಿಸ್ಕು ಒಂದೇ ದಿನಕ್ಕೆ ಸಾಯುತ್ತೆ. ಬ್ಯಾಂಕಿನಲ್ಲಿ ನಾವು ಒಂದೇ ಲೆಕ್ಕವನ್ನ ಬೇರೆ ಬೇರೆ ಊರಿನ ಸರ್ವರಲ್ಲಿ ಇಡೋದು ಸುಮ್ನೆ ಅಲ್ಲ.

ನಾಲ್ಕನೇದು ನಮ್ಮ ಬಗ್ಗೆ. ಇದನ್ನ ಹೇಳೋಕೆ ನನಗೆ ನಾಚಿಕೆ ಆಗುತ್ತೆ, ಆದ್ರೂ ಹೇಳ್ತೀನಿ. ನಾನು ವರ್ಷಗಟ್ಟಲೆ ಟೆಲಿಗ್ರಾಮಿನಲ್ಲಿ ಕದ್ದ ಕನ್ನಡ ಸಿನಿಮಾ ನೋಡಿದೀನಿ. "ನಮ್ಮೂರಿಗೆ ಬರಲ್ಲ, ಏನ್ ಮಾಡೋದು" ಅಂತ ನನಗೆ ನಾನೇ ಸಮಾಧಾನ ಹೇಳ್ಕೊಳ್ತಿದ್ದೆ. ಒಂದು ದಿನ ಕೌಂಟರಲ್ಲಿ ಕೂತಾಗ ಹೊಳೀತು. ನಮ್ಮ ಬ್ರಾಂಚಿನ ಗೋಡೆ ಮೇಲಿನ ಚಲನ್ ಫಾರಂ ಡಬ್ಬದಲ್ಲಿ ಕನ್ನಡದ್ದು ಇಲ್ಲ. ಯಾಕೆ ಇಲ್ಲ? ಯಾರೂ ಕೇಳಿಲ್ಲ. ಕೇಳದೇ ಇದ್ದದ್ದು ಲೆಕ್ಕಕ್ಕೆ ಬರಲ್ಲ. ಒಟಿಟಿಯಲ್ಲೂ ಹಾಗೇ. ನಾವು ಕದ್ದು ನೋಡಿದ್ರೆ ರಾಯದುರ್ಗದ ಪಿನ್‌ಕೋಡಿನಲ್ಲಿ ಕನ್ನಡ ನೋಡೋರು ಸೊನ್ನೆ. ಹಾಟ್‌ಸ್ಟಾರಿನಲ್ಲೋ ಪ್ರೈಮಿನಲ್ಲೋ ಭಾಷೆ ಆಯ್ಕೆ ಕೇಳಿದಾಗ ಆತುರದಲ್ಲಿ ತೆಲುಗನ್ನೇ ಒತ್ತಿದ್ರೂ ಸೊನ್ನೆ. ಆ ಕಂಪನಿಗಳು ಜನಗಣತಿ ನೋಡಿ ಸಿನಿಮಾ ಕೊಳ್ಳಲ್ಲ, ನೋಡಿದ ಲೆಕ್ಕ ನೋಡಿ ಕೊಳ್ತಾವೆ. ನಮ್ಮನ್ನ ಎಣಿಸೋ ಹೊಸ ಗಣತಿ ಅದು, ದಿನಾ ನಡೀತಿದೆ, ಅದರಲ್ಲಿ ನಾವೇ ಹೆಸರು ಬರೆಸ್ತಿಲ್ಲ.

ಹಂಗಾಗಿ ಮನೆಗೆ ಹೋದ್ಮೇಲೆ ಮೂರು ಕೆಲಸ ಮಾಡ್ರಿ. ಮೊಬೈಲಿನ ಒಟಿಟಿಯಲ್ಲಿ ಭಾಷೆ ಕನ್ನಡಕ್ಕೆ ತಿರುಗಿಸ್ರಿ. ಬೇರೆ ಭಾಷೆಯ ಸಿನಿಮಾಕ್ಕೆ ಕನ್ನಡದ ಧ್ವನಿ ಇದ್ರೆ ಅದನ್ನೇ ಹಾಕ್ರಿ. ಡಬ್ಬಿಂಗ್ ಬೇಕೋ ಬೇಡವೋ ಅಂತ ನಮ್ಮಲ್ಲಿ ದೊಡ್ಡ ಜಗಳ ಇತ್ತು, ಗೊತ್ತು. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯೋದು ತಪ್ಪು ಅಂತ ಆದೇಶ ಕೊಟ್ಟಿತು, 2017ರಲ್ಲಿ "ಸತ್ಯದೇವ್ ಐಪಿಎಸ್" ಡಬ್ ಆಗಿ ಬಂತು. ಬೆಂಗಳೂರಿನಲ್ಲಿ ಕೂತು ಆ ಜಗಳ ಆಡೋದು ಸುಲಭ. ಇಲ್ಲಿ ನಮ್ಮ ಮಕ್ಕಳ ಮುಂದೆ ಇರೋ ಆಯ್ಕೆ ಡಬ್ ಕನ್ನಡ ಅಥವಾ ತೆಲುಗು, ಎರಡೇ. ನಾನು ಕನ್ನಡವನ್ನೇ ಒತ್ತುತೀನಿ. ಮೂರನೇದು, ತಿಂಗಳಿಗೆ ಒಂದಾದ್ರೂ ಕನ್ನಡ ಸಿನಿಮಾವನ್ನ ದುಡ್ಡು ಕೊಟ್ಟು ನೋಡ್ರಿ. ಬಾಡಿಗೆಗೆ ಸಿಗೋದಾದ್ರೆ ಬಾಡಿಗೆಗೆ.

ಎಲ್ಲರಿಗೂ ಇದು ಆಗಲ್ಲ ಅನ್ನೋದೂ ಗೊತ್ತು. 2019ರಲ್ಲಿ ಟಿವಿ ಚಾನೆಲ್‌ಗಳ ಹೊಸ ದರ ನಿಯಮ ಬಂದಾಗ ನಮ್ಮ ಮನೆಯಲ್ಲೇ ಕನ್ನಡ ಚಾನೆಲ್ ಹೋದ್ವು. ಕೇಬಲ್ಲಿನವನು ತೆಲುಗು ಪ್ಯಾಕ್ ಹಾಕಿಕೊಟ್ಟ, ಕನ್ನಡ ಬೇಕಾದ್ರೆ ಮೇಲೆ ಕೊಡಬೇಕು ಅಂದ. ನಮ್ಮಮ್ಮ "ಯಾಕೆ ಸುಮ್ನೆ ಖರ್ಚು" ಅಂದ್ರು. ಎರಡು ವರ್ಷ ಅವರು ಕನ್ನಡ ಸೀರಿಯಲ್ ನೋಡಲಿಲ್ಲ, ಕೇಳಲೂ ಇಲ್ಲ. ನಾನು ಗಮನಿಸಲೂ ಇಲ್ಲ. ಭಾಷೆ ಮನೆಯಿಂದ ಹೋಗೋದು ಹೀಗೇ. ಯಾರೂ ಕಿತ್ತುಕೊಳ್ಳಲ್ಲ, ತಿಂಗಳಿಗೆ ಹತ್ತಿಪ್ಪತ್ತು ರೂಪಾಯಿ ಉಳಿಸೋಕೆ ನಾವೇ ಬಿಡ್ತೀವಿ.

2018ರಲ್ಲಿ ರಿಷಬ್ ಶೆಟ್ಟಿ ಅವರು "ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು" ಮಾಡಿದ್ರು. ಗಡಿಯ ಕನ್ನಡ ಶಾಲೆ ಮುಚ್ಚೋ ಕಥೆ, ರಾಷ್ಟ್ರ ಪ್ರಶಸ್ತಿಯೂ ಬಂತು. ಆ ಸಿನಿಮಾ ನೋಡಿದ ಮೇಲೆ ಕರ್ನಾಟಕದ ಎಷ್ಟೋ ಜನಕ್ಕೆ ಗಡಿಯಾಚೆ ಕನ್ನಡ ಶಾಲೆ ಇದೆ ಅಂತಲೇ ಗೊತ್ತಾಯ್ತು. ಒಂದು ಸಿನಿಮಾ ಇಷ್ಟು ಮಾಡುತ್ತೆ. ನಾವು ಕೊಟ್ಟ ಮನವಿ ಪತ್ರಗಳು ಅಷ್ಟು ಮಾಡಿಲ್ಲ. ಅದಕ್ಕೇ ಸಿನಿಮಾ ಬರೀ ಮನರಂಜನೆ ಅಂತ ತಳ್ಳಿ ಹಾಕಬೇಡ್ರಿ. ಶಾಲೆಯಲ್ಲಿ ಕನ್ನಡ ಕಲಿಯೋಕೆ ಮಗು ಹೋಗಬೇಕು, ಸಿನಿಮಾ ತಾನಾಗೇ ಮನೆಗೆ ಬರುತ್ತೆ. ಅಕ್ಷರ ಬಾರದ ಮಗುವಿಗೂ ಬರುತ್ತೆ. ನಮ್ಮ ಕಡೆ ಶಾಲೆಗಳು ಕಮ್ಮಿ ಆಗ್ತಿರೋ ಹೊತ್ತಲ್ಲಿ ಕಿವಿಗೆ ಕನ್ನಡ ಬೀಳೋ ಕೊನೆ ಜಾಗಗಳಲ್ಲಿ ಅದೂ ಒಂದು.

ನನ್ನ ಮಗಳಿಗೆ ಆರು ವರ್ಷ. ಇಂಗ್ಲಿಷ್ ಮೀಡಿಯಂ, ಬೀದಿಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ. ಹೋದ ತಿಂಗಳು ಮೊಬೈಲಲ್ಲಿ "777 ಚಾರ್ಲಿ" ಕನ್ನಡದಲ್ಲೇ ಹಾಕಿ ಕೊಟ್ಟೆ. ನಾಯಿ ಸಿನಿಮಾ, ಪೂರ್ತಿ ಕೂತು ನೋಡಿದಳು, ಅತ್ತಳು. ಮುಗಿದಮೇಲೆ ಕೇಳಿದಳು: "ಅಪ್ಪಾ, ಇವರು ನಮ್ಮ ಮನೆ ಭಾಷೆ ಮಾತಾಡ್ತಾರಲ್ಲ, ಇವರಿಗೆ ಹೆಂಗೆ ಗೊತ್ತು?"

ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಕನ್ನಡ ಅಂದ್ರೆ ನಮ್ಮ ಮನೆಯ ನಾಲ್ಕು ಗೋಡೆ ಒಳಗಿನ ಭಾಷೆ ಅಂದ್ಕೊಂಡಿದಾಳೆ ಅವಳು. ಅದನ್ನ ಆಡೋ ಕೋಟಿಗಟ್ಟಲೆ ಜನ ಇದಾರೆ, ಅವರಿಗೂ ನಾಯಿ ಇರುತ್ತೆ, ಅವರೂ ಅಳ್ತಾರೆ ಅಂತ ಅವಳಿಗೆ ಹೇಳಿಕೊಟ್ಟಿದ್ದು ಒಂದು ಸಿನಿಮಾ. ಪುಸ್ತಕ ಓದೋಕೆ ಇನ್ನೂ ಟೈಮಿದೆ ಅವಳಿಗೆ.

ನಮ್ಮಪ್ಪ ಕೇಳಿದ ಪ್ರಶ್ನೆಗೆ ನನ್ನ ಹತ್ರ ಈಗ ಉತ್ತರ ಇದೆ: ಕನ್ನಡದಲ್ಲಿ ಕೇಳೋರು ಇಲ್ಲಿದಾರೆ ಅಂತ ಯಾರಿಗೂ ಗೊತ್ತಿಲ್ಲ, ಅದಕ್ಕೆ. ಅದನ್ನ ಗೊತ್ತು ಮಾಡಿಸೋ ಕೆಲಸ ನಮ್ಮದು. ಮುಂದಿನ ದೊಡ್ಡ ಕನ್ನಡ ಸಿನಿಮಾ ಬರೋ ಮೊದಲೇ ನಮ್ಮೂರ ಟಾಕೀಸಿನವರ ಹತ್ರ ಹೋಗೋಣ. ಒಂದು ಬೆಳಗಿನ ಆಟ ಕನ್ನಡದಲ್ಲಿ ಹಾಕ್ರಿ, ಇನ್ನೂರು ಟಿಕೆಟ್ ನಾವು ಮುಂಗಡ ಕೊಳ್ತೀವಿ ಅಂತ ಹೇಳೋಣ. ಈ ಕೂಟ ಮುಗಿದಮೇಲೆ ಬಾಗಿಲ ಹತ್ರ ಒಂದು ವಹಿ ಇಟ್ಟಿದೀನಿ. ಬರೋರು ಹೆಸರು ಬರೆದು ಹೋಗ್ರಿ. ಮೊದಲ ಹೆಸರು ನಮ್ಮಪ್ಪಂದು.

ಬೇರೆ ಊರಿನ ಗೆಳೆಯರು ಓದ್ತಿದ್ರೆ, ನಿಮ್ಮೂರಲ್ಲಿ ಕೊನೇ ಸಲ ಟಾಕೀಸಿನಲ್ಲಿ ಕನ್ನಡದಲ್ಲಿ ನೋಡಿದ ಸಿನಿಮಾ ಯಾವುದು ಅಂತ ತಿಳಿಸ್ರಿ. ಊರಿನ ಹೆಸರು, ವರ್ಷ ಎರಡೂ ಬರೀರಿ. ಮನವಿ ಕೊಡುವಾಗ ಆ ಪಟ್ಟಿ ಬೇಕಾಗುತ್ತೆ.